ವೈರ್‌ಲೆಸ್ ನರಸಣ್ಣ ತಂತಿ ಆರಿಸಿದ್ದು

೧೯೯೯ರಲ್ಲಿ ಸಿಂಧನೂರಿನಲ್ಲಿ ಕಂಪ್ಯೂಟರ್ ಬಲ್ಲವನೆಂದು ಹೆಸರು ಮಾಡುವುದು ಕಷ್ಟದ ಕೆಲಸವೇನೂ ಆಗಿರಲಿಲ್ಲ. ಲಾಲಪ್ಪ ಅದನ್ನು ಮೂರೇ ತಿಂಗಳಲ್ಲಿ ಸಾಧಿಸಿದ್ದ. ರಾಯಚೂರಿನಲ್ಲಿ ಒಂದು ಕೋರ್ಸು, ಅಂಗಿಯ ಜೇಬಿನಲ್ಲಿ ನಾಲ್ಕು ಜನಕ್ಕೆ ಕಾಣುವಂತೆ ಒಂದು ಫ್ಲಾಪಿ, ಯಾರಾದರೂ ಏನಾದರೂ ಕೇಳಿದರೆ ಕಣ್ಣು ಕಿರಿದು ಮಾಡಿ "ನೋಡಬೇಕಾಗ್ತೈತಿ" ಎನ್ನುವುದು, ಇಷ್ಟೇ. ಅಕ್ಕಿ ಗಿರಣಿಯೊಂದರಲ್ಲಿ ಲಾರಿಗಳ ತೂಕದ ಚೀಟಿ ಮುದ್ರಿಸುವುದು ಅವನ ನೌಕರಿ. ದಿನಕ್ಕೆ ನೂರು ಸಲ ಒಂದೇ ಗುಂಡಿ ಒತ್ತುತ್ತಿದ್ದ. ಆ ಒಂದು ಗುಂಡಿಯ ಮಟ್ಟಿಗೆ ಅವನು ನಿಜವಾಗಿಯೂ ಪಂಡಿತ.

ಆದ್ದರಿಂದ ಗದ್ದೆಮ್ಮ ಅಕ್ಕೋರು ಅವನನ್ನು ಕರೆಸಿ, "ಲಾಲಪ್ಪ, ಈ ನಾಕೂ ಕಂಪ್ಯೂಟರ್ ಒಂದಕ್ಕೊಂದು ಕೂಡಿಸಾಕ ಬರ್ತೈತೇನಪ ನಿನಗ?" ಎಂದು ಕೇಳಿದಾಗ ಅವನು ಕಣ್ಣು ಕಿರಿದು ಮಾಡುವುದನ್ನೂ ಮರೆತು, "ಅದೇನ್ರೀ ಅಕ್ಕೋರ, ಒಂದು ಆಯ್ತಾರದ ಕೆಲಸ" ಎಂದುಬಿಟ್ಟ.

ಅಕ್ಕೋರು ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ತಮ್ಮ ತಂದೆ ನರಸಣ್ಣನವರ ಮನೆಯ ಮುಂಗೋಣೆಯಲ್ಲಿ, ಹನ್ನೆರಡು ವರ್ಷದಿಂದ ಟೈಪಿಂಗ್ ಕಲಿಸುತ್ತಿದ್ದರು. ಲಾಲಪ್ಪನ ಬೆರಳುಗಳಿಗೆ ಅನ್ನ ಹುಟ್ಟಿದ್ದೂ ಅದೇ ಕೋಣೆಯಲ್ಲಿ. ಈಗ ಟೈಪ್‌ರೈಟರಿನ ಕಾಲ ಮುಗಿಯುತ್ತ ಬಂದಿತ್ತು. ಹೈದರಾಬಾದಿನ ಯಾವುದೋ ಕಚೇರಿ ಹೊರಗೆ ಹಾಕಿದ್ದ ನಾಲ್ಕು ಹಳೆಯ ಕಂಪ್ಯೂಟರುಗಳನ್ನು ಅಕ್ಕೋರು ತರಿಸಿದ್ದರು. ಒಂದು, ಪಕ್ಕೆಗೆ ಪೆಟ್ಟು ತಿನ್ನದೆ ಏಳುತ್ತಿರಲಿಲ್ಲ. ಇನ್ನೊಂದು ಎದ್ದರೂ ತನ್ನ ತಾರೀಖನ್ನು ಹತ್ತು ವರ್ಷ ಹಿಂದಿನದೆಂದೇ ಹಟ ಹಿಡಿಯುತ್ತಿತ್ತು. ಮೂರನೆಯದರ ಫ್ಯಾನು ತಿರುಗಿದರೆ ಪಕ್ಕದ ಮನೆಯವರು ಹಿಟ್ಟಿನ ಗಿರಣಿ ಶುರುವಾಯಿತೆಂದು ಜೋಳದ ಬುಟ್ಟಿ ಎತ್ತಿಕೊಳ್ಳಬೇಕು, ಹಾಗಿತ್ತು ಸದ್ದು. ನಾಲ್ಕನೆಯದು ಮಾತ್ರ ಬಹಳ ಸಂಭಾವಿತ. ಸುಮ್ಮನೆ ನಿಂತುಬಿಡುತ್ತಿತ್ತು.

ಇವುಗಳಲ್ಲಿ ಕಲಿಯುತ್ತಿದ್ದವರು ಹನ್ನೊಂದು ಹುಡುಗಿಯರು. ತುರ್ವಿಹಾಳ, ಬಳಗಾನೂರು, ಮಸ್ಕಿಯ ಕಡೆಯಿಂದ ಬೆಳಿಗ್ಗೆಯ ಬಸ್ಸಿಗೆ ಬಂದು ಸಂಜೆಯೊಳಗೆ ಮನೆ ಸೇರುವವರು. ಪರೀಕ್ಷೆ ನಡೆಸುವ ಖಾಸಗಿ ಮಂಡಳಿಯ ಕೇಂದ್ರ ಇದ್ದದ್ದು ರಾಯಚೂರಿನಲ್ಲಿ. ಅಲ್ಲಿಗೆ ಹೋದರೆ ಜಿಲ್ಲೆಯವರೆಲ್ಲರ ನಡುವೆ ಸರದಿ ಬರುವ ತನಕ ಮೂರು ದಿನ ಉಳಿಯಬೇಕು. ಬಳಗಾನೂರಿನ ಮುದುಕಪ್ಪ ತಾನೇ ಬಂದು, ಮೆಟ್ಟಿಲ ಮೇಲೆ ಕುಳಿತು, ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ಹೇಳಿದ್ದ: "ಅಕ್ಕೋರ, ನಮ್ಮ ಯಮನೂರಮ್ಮ ಇಲ್ಲಿಗಂದ್ರ ಬರ್ತಾಳ್ರಿ. ರಾಯಚೂರಂದ್ರ ಬ್ಯಾಡ್ರಿ. ಜತಿ ಹೋಗಿ ಕುಂದ್ರಾಕ ನನಗ ಕೂಲಿ ಬಿಡಾಕ ಆಗಂಗಿಲ್ಲ, ಒಬ್ಬಾಕಿನ್ನ ಕಳಸಾಕ ಆಕಿ ಅವ್ವ ಒಪ್ಪಂಗಿಲ್ಲ. ಕಲ್ತಿದ್ದು ಕಲ್ತಾಳ, ಸಾಕು ಬಿಡ್ರಿ." ಹನ್ನೊಂದರಲ್ಲಿ ಎಂಟು ಮನೆಗಳ ಮಾತು ಇದೇ ಆಗಿತ್ತು.

ಅಕ್ಕೋರು ಮಂಡಳಿಗೆ ಪತ್ರ ಬರೆದು ಬರೆದು ಕೊನೆಗೆ ಒಂದು ಉತ್ತರ ಪಡೆದಿದ್ದರು. ನಾಲ್ಕು ಕಂಪ್ಯೂಟರುಗಳು ಒಂದಕ್ಕೊಂದು ಕೂಡಿರಬೇಕು, ಎಲ್ಲರ ಉತ್ತರ ಮೊದಲನೆಯ ಕಂಪ್ಯೂಟರಿನಲ್ಲಿ ಉಳಿಯಬೇಕು, ಒಂದೇ ಪ್ರಿಂಟರಿನಲ್ಲಿ ಅಚ್ಚಾಗಬೇಕು. ಹಾಗಿದ್ದರೆ ಪರೀಕ್ಷೆ ಅವರ ಮನೆಯಲ್ಲೇ ನಡೆಯಬಹುದು. ನೋಡಲು ಇನ್ನು ಹದಿನಾಲ್ಕು ದಿನಕ್ಕೆ, ಭಾನುವಾರ ಹತ್ತು ಗಂಟೆಗೆ ಅಧಿಕಾರಿ ಬರುತ್ತಾರೆ. ಅಷ್ಟರೊಳಗೆ ಆಗದಿದ್ದರೆ ರಾಯಚೂರೇ ಗತಿ. ಎಂದರೆ ಎಂಟು ಹುಡುಗಿಯರಿಗೆ ಪರೀಕ್ಷೆಯೇ ಇಲ್ಲ.

ಲಾಲಪ್ಪ ರಾತ್ರಿಯ ಬಸ್ಸು ಹಿಡಿದು ಹೈದರಾಬಾದಿಗೆ ಹೋದ. ಅಲ್ಲಿಯ ಅಂಗಡಿಯವನು ಅಂಥ ಸೆಕೆಯಲ್ಲೂ ಟೈ ಕಟ್ಟಿದ್ದ. ಟೈ ನೋಡಿದ ಕೂಡಲೇ ಲಾಲಪ್ಪನಿಗೆ ಅರ್ಧ ನಂಬಿಕೆ ಬಂತು. ಉಳಿದರ್ಧ ಬಂದದ್ದು ಅವನು ತೆರೆದು ತೋರಿಸಿದ ವಿದೇಶಿ ಪುಸ್ತಕದ ಹಾಳೆಯಿಂದ. ಬೆಳ್ಳಗಿನ ಪುಟ್ಟ ಡಬ್ಬಿ, ತಲೆಯ ಮೇಲೆ ಎರಡು ಕೊಂಬು. ತಂತಿಯೇ ಬೇಡ, ಗಾಳಿಯಲ್ಲೇ ಕಂಪ್ಯೂಟರುಗಳು ಮಾತಾಡಿಕೊಳ್ಳುತ್ತವೆ, ಬೇಕೆಂದರೆ ಎರಡು ತಿಂಗಳಲ್ಲಿ ತರಿಸಿ ಕೊಡುತ್ತೇನೆ ಎಂದ. ಎರಡು ತಿಂಗಳು ಎಂಬುದು ಲಾಲಪ್ಪನ ಕಿವಿಗೆ ಬೀಳಲೇ ಇಲ್ಲ. ಬೆಲೆ ಮಾತ್ರ ಬಿತ್ತು. ಅದು ನಾಲ್ಕೂ ಕಂಪ್ಯೂಟರುಗಳಿಗೆ ಕೊಟ್ಟದ್ದಕ್ಕಿಂತ ಹೆಚ್ಚಿತ್ತು. ಆದರೂ ಹಾಳೆಯನ್ನು ಬೇಡಿ ಪಡೆದು, ಫ್ಲಾಪಿಯ ಹಿಂದೆ ಜೇಬಿನಲ್ಲಿ ಇಟ್ಟುಕೊಂಡು, ಮರಳುವ ದಾರಿಯುದ್ದಕ್ಕೂ ಮೂರು ಸಲ ತೆಗೆದು ನೋಡಿದ. ಕನ್ಯೆ ನೋಡಲು ಹೋದವನು ಫೋಟೋ ಹಿಡಿದು ಬಂದ ಹಾಗೆ.

ಆ ಫೋಟೋವನ್ನು ಅವನು ಮೊದಲು ತೋರಿಸಿದ್ದು ನರಸಣ್ಣನವರಿಗೆ. ಕಾರಣವಿತ್ತು. ಊರಿನಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದುದೇ ವೈರ್‌ಲೆಸ್ ನರಸಣ್ಣ ಎಂದು. ಕಾಲುವೆ ಇಲಾಖೆಯಲ್ಲಿ ಇಪ್ಪತ್ತೆಂಟು ವರ್ಷ ವೈರ್‌ಲೆಸ್ ಆಪರೇಟರ್ ಆಗಿದ್ದು ಮೂರು ವರ್ಷದ ಹಿಂದೆ ನಿವೃತ್ತರಾದವರು. ಅವರು ಕುಣಿದಾಡುತ್ತಾರೆ ಎಂದುಕೊಂಡಿದ್ದ ಲಾಲಪ್ಪ.

ನರಸಣ್ಣ ಅಂಗಳದ ಹೊರಸಿನ ಮೇಲೆ ಕುಳಿತು ಮೊರದಲ್ಲಿ ತೊಗರಿ ಆರಿಸುತ್ತಿದ್ದರು. ಹಾಳೆಯನ್ನು ತೋಳಿನಷ್ಟು ದೂರ ಹಿಡಿದು ನೋಡಿದರು.

"ಕಾಕಾ, ನಿಮ್ಮ ಲೈನಿಂದು ಬಂದೈತಿ ನೋಡ್ರಿ! ವೈರ್‌ಲೆಸ್ಸು!"

"ಎಷ್ಟು ವಾಟ್?"

"ಆಂ?"

"ಹೋಗ್ಲಿ ಬಿಡು. ಯಾವ ಬ್ಯಾಂಡು?"

"ಅದನ್ನ... ನೋಡಬೇಕಾಗ್ತೈತ್ರಿ."

"ನೋಡು, ನೋಡು." ನರಸಣ್ಣ ಒಂದು ಕಲ್ಲು ಆರಿಸಿ ಎಸೆದರು. "ಈ ಡಬ್ಬಿ ಮಾತಾಡ್ತೈತಿ ಅಂತ ತಿಳ್ಕೊ. ಕೇಳೋರು ಯಾರು? ನಾಕೂ ಕಂಪ್ಯೂಟರಿಗೆ ಕಿವಿ ಬೇಕಲ್ಲೋ."

"ಅದಕ್ಕ ಒಂದೊಂದು ಕಾರ್ಡ್ ಬರ್ತೈತ್ರಿ ಕಾಕಾ. ಇಲ್ಲಿ ಐತಿ ನೋಡ್ರಿ, ಚಿತ್ರದಾಗ."

"ಈ ಕಾರ್ಡ್ ಕೂಡೋ ಸಂದು ನಮ್ಮವಕ್ಕ ಐತೇನು?"

ಲಾಲಪ್ಪ ಅದನ್ನು ನೋಡಿರಲಿಲ್ಲ. ಕೋರ್ಸಿನಲ್ಲಿ ಕಂಪ್ಯೂಟರಿನ ಮುಚ್ಚಳ ತೆಗೆಯುವ ಪಾಠದ ದಿನ ಅವನು ಮಿತ್ರನ ಮದುವೆಗೆ ಹೋಗಿದ್ದ. ನರಸಣ್ಣ ಒಳಗೆ ಹೋಗಿ, ಸ್ಕ್ರೂಡ್ರೈವರ್ ತಂದು, ಮಗಳ ಕಡೆಗೊಮ್ಮೆ ನೋಡಿ ಅಪ್ಪಣೆ ಪಡೆದು, ಸಂಭಾವಿತ ನಾಲ್ಕನೆಯದರ ಮುಚ್ಚಳ ಬಿಚ್ಚಿದರು. ಒಳಗಿದ್ದವೆಲ್ಲ ಗೇಣುದ್ದದ ಹಳೆಯ ಸಂದುಗಳು. ಚಿತ್ರದಲ್ಲಿದ್ದ ಕಾರ್ಡು ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು, ಮಡಿಚಿ ಒಯ್ಯುವ ಹೊಸ ಕಂಪ್ಯೂಟರುಗಳಿಗೆ ಮಾಡಿದ್ದು. ಆನೆಯ ಕಿವಿಯಲ್ಲಿ ಸೇವಂತಿಗೆ ಮುಡಿಸಲು ಹೋದ ಹಾಗೆ ಲಾಲಪ್ಪ ಹಾಳೆಯನ್ನು ಒಮ್ಮೆ, ಕಂಪ್ಯೂಟರನ್ನು ಒಮ್ಮೆ ನೋಡಿದ.

"ನಾ ಇಪ್ಪತ್ತೆಂಟು ವರ್ಷ ಗಾಳಿಯಾಗ ಮಾತಾಡೀನಪ," ಎಂದರು ನರಸಣ್ಣ. "ಅಂದದ್ದು ಮುಟ್ಟೈತೋ ಇಲ್ಲೋ ಅಂತ ಕಾಯೋದರಾಗ ಕೂದಲು ಬೆಳ್ಳಗಾಗ್ಯಾವ. ಹತ್ತು ಮೈಲು ದೂರ ಇರೋರ ಕೂಡ ಮಾತಾಡಾಕ ಗಾಳಿ ಬೇಕು. ಇಲ್ಲಿ ಒಂದ ಕೋಣ್ಯಾಗ ನಾಕು ಮುದುಕರು ಕುಂತಾರ. ಅವರ ಕೈಗೆ ಒಂದು ಹಗ್ಗ ಕೊಟ್ರ ಸಾಕು, ಹಿಡಕೊಂಡು ಹೊಕ್ಕಾರ."

ಆಗ ಅವರ ಬೆರಳು ಕಂಪ್ಯೂಟರಿನ ಹಿಂಬದಿಯಲ್ಲಿ ಒಂದು ಕಡೆ ನಿಂತಿತು. ಅಲ್ಲೊಂದು ದುಂಡನೆಯ ಲೋಹದ ಬಾಯಿ, ಎರಡು ಕಡೆ ಪುಟ್ಟ ಮೂಗು. ಹಳೆಯ ಕಚೇರಿಯವರು ಹಾಕಿಸಿದ್ದ, ಕಂಪ್ಯೂಟರುಗಳನ್ನು ಕೂಡಿಸುವ ಜಾಲದ ಕಾರ್ಡು ಅದು. ನರಸಣ್ಣ ಅದನ್ನು ಹೆಬ್ಬೆರಳಿನಿಂದ ಸವರಿದರು. ಕಣ್ಣು ಮುಚ್ಚಿ ಇನ್ನೊಮ್ಮೆ ಸವರಿದರು.

"ಗದ್ದೆವ್ವಾ," ಎಂದು ಕೂಗಿದರು. "ಇಲ್ಲಿ ಬಾ ಬೇ. ಇದು ನಮ್ಮ ಸೆಟ್ಟಿನ ಬಾಯಿ! ಆಂಟೆನಾದ ತಂತಿ ಕೂಡಸ್ತಿದ್ದೆನಲ್ಲ, ಇದ ಬಾಯಿ!"

ಮೂರು ವರ್ಷದಲ್ಲಿ ಅಪ್ಪ ಇಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ತಾನು ಕೇಳಿರಲಿಲ್ಲ ಎಂದು ಅಕ್ಕೋರು ಆಮೇಲೆ ಹೇಳಿದರು.

ನರಸಣ್ಣ ಹುಟ್ಟಿದ್ದು ಸಂತೆಕಲ್ಲೂರಿನ ಕೇರಿಯಲ್ಲಿ. ಓದಿದ್ದು ಏಳನೆಯ ಇಯತ್ತೆ. ಕಾಲುವೆ ತೋಡುವಾಗ ಮಣ್ಣು ಹೊತ್ತು, ಆಮೇಲೆ ಇಲಾಖೆಯ ವೈರ್‌ಲೆಸ್ ಕೋಣೆಯ ಕಸ ಹೊಡೆಯುವ ಕೆಲಸಕ್ಕೆ ಸೇರಿದವರು. ಒಂದು ದಿನ ಆಪರೇಟರ್ ಜ್ವರ ಬಂದು ಮಲಗಿದ. ನೀರಿನ ಮಟ್ಟ ತಿಳಿಸುವ ಹೊತ್ತಾಯಿತು. ಕಾಲುವೆಯ ಮೇಲ್ಭಾಗದ ಠಾಣೆಯವರು ಸೆಟ್ಟಿನಲ್ಲಿ ಕರೆದರು, ಮತ್ತೆ ಕರೆದರು, ಬೈದರು. ನರಸಣ್ಣ ಕಸಬರಿಗೆಯನ್ನು ಗೋಡೆಗೆ ಆನಿಸಿ, ಕೈಯನ್ನು ಅಂಗಿಗೆ ಒರೆಸಿಕೊಂಡು, ದಿನಾ ಕೇಳಿ ಬಾಯಿಪಾಠವಾಗಿದ್ದ ಧಾಟಿಯಲ್ಲಿ ಮಟ್ಟ ಹೇಳಿದರು. ಆ ಕಡೆಯವನು ನೀನು ಯಾರು ಎಂದು ಕೇಳಲಿಲ್ಲ. ಬರೆದುಕೊಂಡ. ವರ್ಷದೊಳಗೆ ಒಬ್ಬ ಸಾಹೇಬರು ಅವರನ್ನು ತರಬೇತಿಗೆ ಕಳಿಸಿದರು.

ಅಂದಿನಿಂದ ಬೆಳಿಗ್ಗೆ ಆರಕ್ಕೆ, ಹತ್ತಕ್ಕೆ, ಎರಡಕ್ಕೆ, ಸಂಜೆ ಆರಕ್ಕೆ ನರಸಣ್ಣನ ದನಿ ಕಾಲುವೆಯುದ್ದಕ್ಕೂ ಹೋಗುತ್ತಿತ್ತು. ಎಲ್ಲಿ ಎಷ್ಟು ನೀರು, ಯಾವ ತೂಬು ಎಷ್ಟು ಎತ್ತಬೇಕು. ಗೇಟು ಕಾಯುವವರು ಅವರ ಮುಖ ಕಂಡವರಲ್ಲ. ಆದರೆ ದನಿ ಭಾರವಾಗಿದ್ದರೆ "ಏನ್ ನರಸಣ್ಣ, ನೆಗಡಿಯೇನು?" ಎಂದು ಕೇಳುತ್ತಿದ್ದರು. ಎಂಬತ್ತಾರರಲ್ಲಿ ಮಗಳ ಮದುವೆಗೆ ಅವರನ್ನೆಲ್ಲ ಅದೇ ಸೆಟ್ಟಿನಲ್ಲಿ ಕರೆದರು. ಹದಿನಾರು ಜನ ಬಂದರು. ಚಪ್ಪರದ ಕೆಳಗೆ ಯಾರು ಯಾರೆಂದು ತಿಳಿಯದೆ ನಿಂತವರು, ಒಬ್ಬ ಬಾಯಿ ತೆರೆದ ಕೂಡಲೇ "ಅರೆ, ನೀನಾ!" ಎಂದು ತಬ್ಬಿಕೊಂಡರು. ಮದುವೆಯ ಮನೆ ಯಾವ ಕೇರಿಯಲ್ಲಿದೆ ಎಂದು ನೋಡಿದ ಮೇಲೆ ಇಬ್ಬರು ಉಣ್ಣದೆ ಹೋದರು. ಹದಿನಾಲ್ಕು ಜನ ಉಂಡು, ಎಲೆಯಡಿಕೆ ಹಾಕಿಕೊಂಡು, ಹಾಡು ಹೇಳಿ ಹೋದರು. ನರಸಣ್ಣ ಆ ಲೆಕ್ಕವನ್ನು ಯಾರಿಗೆ ಹೇಳಿದರೂ ಹದಿನಾಲ್ಕರಿಂದಲೇ ಶುರು ಮಾಡುತ್ತಿದ್ದರು. ಇಬ್ಬರ ಸುದ್ದಿ ಹೇಳಿದ್ದು ಅಕ್ಕೋರು.

ಅಕ್ಕೋರು ಲಾಲಪ್ಪನಿಗೆ ಇನ್ನೊಂದು ಸುದ್ದಿಯನ್ನೂ ಹೇಳಿದರು. ಅಡುಗೆಮನೆಯಲ್ಲಿ ಚಹಾ ಸೋಸುತ್ತ, ಬೆನ್ನು ಮಾಡಿ ನಿಂತು.

"ಎಂಬತ್ತೈದರಾಗ ನಂದು ಸೀನಿಯರ್ ಟೈಪಿಂಗ್ ಪರೀಕ್ಷೆ ಇತ್ತಪ, ರಾಯಚೂರಾಗ. ಕಾಲುವಿಗೆ ನೀರು ಬಿಟ್ಟ ದಿನ. ಅಪ್ಪಗ ಸೆಟ್ ಬಿಟ್ಟು ಬರಾಕ ಆಗಲಿಲ್ಲ. ಜತಿ ಬರೋರು ಬ್ಯಾರೆ ಯಾರೂ ಇಲ್ಲ. ಮುಂದಿನ ವರ್ಷ ಬರಿ ಅಂದ. ಮುಂದಿನ ವರ್ಷ ಮದುವಿ ಆತು."

"ಆಮ್ಯಾಲೆ ಬರೀಲಿಲ್ಲೇನ್ರಿ?"

"ಇಲ್ಲ. ನಿಮಗೆಲ್ಲ ಸೀನಿಯರ್ ಕಲಿಸ್ತೀನಲ್ಲ, ನಾ ಪಾಸಾಗಿದ್ದು ಜೂನಿಯರ್ ಅಷ್ಟ." ಕಪ್ಪು ಅವನ ಕೈಗೆ ಕೊಟ್ಟರು. "ಅಪ್ಪ ಅದನ್ನ ಒಂದಿನಾನೂ ಬಾಯಿ ಬಿಟ್ಟು ಅಂದಿಲ್ಲ. ಮುದುಕಪ್ಪ ಬಂದು ಮಾತಾಡಿ ಹೋದ ದಿನ ಮಾತ್ರ ಉಣ್ಣಲಿಲ್ಲ."

ಲಾಲಪ್ಪ ಆ ಚಹಾವನ್ನು ಕುಡಿದು ಕಪ್ಪನ್ನು ತಾನೇ ತೊಳೆದಿಟ್ಟ. ಒಂದು ಭಾನುವಾರದ ಕೆಲಸ ಎಂದು ತಾನು ಹೇಳಿದ ಮಾತನ್ನು ಆ ದಿನದಿಂದ ಯಾರ ಮುಂದೆಯೂ ಎತ್ತಲಿಲ್ಲ.

ಆರಿಸುವ ಕೆಲಸ ಮುಂದೆ ಸುಲಭವಾಯಿತು. ಪ್ರತಿಯೊಂದು ಕಂಪ್ಯೂಟರಿನಿಂದಲೂ ಬೇರೆ ಬೇರೆ ತಂತಿ ಎಳೆದು ನಡುವೆ ಒಂದು ಪೆಟ್ಟಿಗೆಗೆ ಕೂಡಿಸುವ ಹೊಸ ಪದ್ಧತಿಯೂ ಇತ್ತು. ಆದರೆ ಅದಕ್ಕೆ ಪೆಟ್ಟಿಗೆ ಬೇಕು, ನಾಲ್ಕೂ ಕಾರ್ಡು ಹೊಸದಾಗಬೇಕು. ಇಲ್ಲಿ ಎರಡು ಕಂಪ್ಯೂಟರಿಗೆ ದುಂಡು ಬಾಯಿಯ ಕಾರ್ಡು ಮೊದಲೇ ಇತ್ತು. ಇನ್ನೆರಡು ತಂದರೆ ಒಂದೇ ತಂತಿ ಮೊದಲನೆಯದರಿಂದ ನಾಲ್ಕನೆಯದರವರೆಗೆ ಎಲ್ಲರನ್ನೂ ಮುಟ್ಟಿಕೊಂಡು ಹೋಗುತ್ತದೆ. ಲಾಲಪ್ಪ ಎಸ್‌ಟಿಡಿ ಬೂತಿನಿಂದ ಹೈದರಾಬಾದಿಗೆ ಫೋನು ಮಾಡಿದ. ಟೈ ಕಟ್ಟಿದವನು ನಕ್ಕು, ಅದನ್ನು ಈಗ ಯಾರು ಕೇಳುತ್ತಾರೆ, ಮೂಲೆಯಲ್ಲಿ ಬಿದ್ದಿದೆ ಎಂದು ಅಗ್ಗಕ್ಕೆ ಬಸ್ ಪಾರ್ಸಲ್ ಹಾಕಿದ. ಎರಡು ಕಾರ್ಡು, ಮೂರು ಬಾಯಿಯ ನಾಲ್ಕು ಕೂಡುಗೊಂಡಿ, ತಂತಿಯ ತುದಿಗೆ ಹಾಕುವ ಮೂತಿಗಳು, ಜೊತೆಗೆ ಥಳಥಳ ಹೊಳೆಯುವ ಎರಡು ಪುಟ್ಟ ಮುಚ್ಚಳ.

ತಂತಿಯನ್ನು ಇಸ್ಮಾಯಿಲ್‌ಸಾಬ್ ಪುಕ್ಕಟೆ ಕೊಡಲು ಬಂದ. ಮೂಲೆಯ ಅಂಗಡಿಯಲ್ಲಿ ಟಿವಿ ರಿಪೇರಿ ಮಾಡುವವನು, ಮನೆಮನೆಗೆ ಕೇಬಲ್ ಎಳೆದವನು. ಅವನ ಮಗಳು ಜೈನಾಬೀ ಹನ್ನೊಂದರಲ್ಲಿ ಒಬ್ಬಳು.

"ಕಾಕಾ, ಅಸಲ್ ಮಾಲ್. ಇಡೀ ಓಣಿ ಇದರ ಮ್ಯಾಲೆ ಸಿನಿಮಾ ನೋಡ್ತೈತಿ."

ನರಸಣ್ಣ ತಂತಿಯ ಮೈಮೇಲಿನ ಅಕ್ಷರ ಓದಿದರು. "ಇದು ಎಪ್ಪತ್ತೈದು ಓಮಿನದಪ, ಇಸ್ಮಾಯಿಲ್. ಈ ಬಾಯಿಗೆ ಐವತ್ತರದು ಬೇಕು. ತಂತಿ ದಪ್ಪ ಒಂದ ಇದ್ರೂ ಒಳಗಿನ ತಡಿ ಬ್ಯಾರೆ."

"ಇಪ್ಪತ್ತೈದರ ಫರಕು, ಏನಾಗ್ತೈತಿ ಬಿಡ್ರಿ."

"ನಿನಗ ಹದಿಮೂರರ ಚಪ್ಪಲಿ ಕೊಟ್ರ ಹಾಕ್ಕೊಂಡು ಓಡ್ತೀಯೇನು?"

ಒಳಗೆ ಹೋಗಿ, ಅಟ್ಟದಿಂದ ಹಳೆಯ ಧೋತರದಲ್ಲಿ ಸುತ್ತಿಟ್ಟ ಒಂದು ಕಪ್ಪು ಸುರುಳಿ ಇಳಿಸಿಕೊಂಡು ಬಂದರು. ಇಲಾಖೆಯವರು ವೈರ್‌ಲೆಸ್ ಕಂಬ ಇಳಿಸಿ ಹರಾಜು ಹಾಕಿದ ದಿನ ಅವರು ಕೂಗಿ ಕೊಂಡಿದ್ದ ಆಂಟೆನಾದ ತಂತಿ. ಯಾಕೆ ಕೊಂಡೆ ಎಂದು ಹೆಂಡತಿ ಬದುಕಿದ್ದಾಗ ಕೇಳಿದ್ದಕ್ಕೆ ಅದನ್ನು ತಮ್ಮ ಧೋತರದಲ್ಲಿ ಸುತ್ತಿ ಅಟ್ಟಕ್ಕೇರಿಸಿದ್ದರಂತೆ. ಐವತ್ತರದೇ. ಎರಡೂ ತುದಿ ಅರ್ಧ ಮೊಳ ಕತ್ತರಿಸಿದರೆ ಒಳಗಿನ ತಾಮ್ರ ಹೊಸದರಂತೆ ಹೊಳೆಯಿತು.

ಅಧಿಕಾರಿ ಬರುವ ಮುನ್ನಾದಿನ, ಶನಿವಾರ, ಲಾಲಪ್ಪ ಗಿರಣಿಗೆ ರಜೆ ಹಾಕಿದ. ಮೂತಿ ಹಾಕುವುದನ್ನು ನರಸಣ್ಣ ಮಾಡಿಕೊಟ್ಟು, ಕಣ್ಣು ಸೋತು, ಊಟ ಮಾಡಿ ಅಡ್ಡಾದರು. ಕೂಡಿಸುವುದೆಲ್ಲ ಲಾಲಪ್ಪನ ಪಾಲು. ಮಧ್ಯಾಹ್ನ ಮೂರಕ್ಕೆ ತಂತಿ ಗೋಡೆಯಂಚಿಗೆ ಹಾವಿನ ಹಾಗೆ ಮಲಗಿತು. ನಾಲ್ಕನ್ನೂ ಎಬ್ಬಿಸಿದ, ಒಂದಕ್ಕೆ ಪೆಟ್ಟು ಕೊಟ್ಟು. ಯಮನೂರಮ್ಮ ಎರಡನೆಯದರಲ್ಲಿ ತನ್ನ ಹೆಸರು ಟೈಪು ಮಾಡಿ ಮುದ್ರಿಸುವ ಆಜ್ಞೆ ಕೊಟ್ಟಳು. ಪ್ರಿಂಟರು ಅಲುಗಾಡಲಿಲ್ಲ. ಮೂರರಿಂದ ಕೊಟ್ಟರು, ಇಲ್ಲ. ನಾಲ್ಕರಿಂದ ಕೊಟ್ಟರು, ಇಲ್ಲ. ಯಾವ ಕಂಪ್ಯೂಟರಿಗೂ ಪಕ್ಕದ್ದು ಕಾಣುತ್ತಲೇ ಇರಲಿಲ್ಲ. ಲಾಲಪ್ಪ ಎಲ್ಲವನ್ನೂ ಬಿಚ್ಚಿ ಮತ್ತೆ ಕೂಡಿಸಿದ. ಐದು ಗಂಟೆಗೆ ಇನ್ನೊಮ್ಮೆ. ಹುಡುಗಿಯರು ಬಸ್ಸಿಗೆ ಹೊತ್ತಾಯಿತೆಂದು ಒಬ್ಬೊಬ್ಬರೇ ಎದ್ದರು. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಕಣ್ಣು ಸಣ್ಣ ಮಾಡಿ ನೋಡ್ರಿ ಸರ, ಹೊಳೀಬಹುದು," ಎಂದಳು ಜೈನಾಬೀ ಒಬ್ಬಳೇ, ಹೋಗುತ್ತ ಹೋಗುತ್ತ.

ಅಷ್ಟರಲ್ಲಿ ಎದ್ದು ಬಂದಿದ್ದ ನರಸಣ್ಣ ತಂತಿಯನ್ನು ಮೊದಲಿನಿಂದ ಬೆರಳಲ್ಲಿ ಸವರುತ್ತ ಬಗ್ಗಿ ನಡೆದರು. ಮೊದಲನೆಯ ಕಂಪ್ಯೂಟರಿನ ಕೂಡುಗೊಂಡಿಯ ಹೊರಬಾಯಿಗೆ ಹೊಳೆಯುವ ಮುಚ್ಚಳ ಕೂತಿತ್ತು. ಎರಡು, ಮೂರು ದಾಟಿದರು. ನಾಲ್ಕನೆಯದರ ಹಿಂದೆ ನಿಂತರು.

"ಇಲ್ಲಿ ಯಾಕೋ ಬಾಯಿ ತೆಗದೀ?"

"ಅದು ಟೇಲೆಂಡ್ ಅಲ್ರೀ ಕಾಕಾ."

"ಅದಕ್ಕ?"

ಲಾಲಪ್ಪನ ಊರು ತುರ್ವಿಹಾಳ. ಅವರಪ್ಪ ಜೀವಮಾನವೆಲ್ಲ ಗದ್ದೆಗೆ ನೀರು ಕಟ್ಟಿದವನು. ಹೆಡ್ಡು ಎಂದರೆ ಕಾಲುವೆಯ ತಲೆ, ಟೇಲೆಂಡ್ ಎಂದರೆ ಕಟ್ಟಕಡೆ. ಅಲ್ಲಿ ಯಾರಾದರೂ ಬಾಯಿ ಮುಚ್ಚಿದರೆ ಏನಾಗುತ್ತದೆಂದು ಕಾಲುವೆ ಸೀಮೆಯ ಎಳೆಗೂಸಿಗೂ ಗೊತ್ತು. ನೀರು ನಿಲ್ಲುತ್ತದೆ, ಹಿಂದಕ್ಕೆ ಏರುತ್ತದೆ, ಮೇಲಿನವನ ಬದು ಒಡೆಯುತ್ತದೆ, ಆಮೇಲೆ ಕುಡುಗೋಲು.

"ಮುಚ್ಚಿದ್ರ ಹರಿಯೋದು ಎಲ್ಲಿಗೆ ಹೋಗಬೇಕ್ರಿ?" ಎಂದ ಲಾಲಪ್ಪ. "ಹೆಡ್ಡಿಗೆ ಗ್ವಾಡಿ ಇರ್ತೈತಿ, ಅದಕ್ಕ ಅಲ್ಲಿ ಮುಚ್ಚೀನಿ. ಟೇಲೆಂಡ್ ಮುಚ್ಚತಾರೇನ್ರಿ ಯಾರರ?"

ನರಸಣ್ಣ ಅವನ ಮುಖವನ್ನೇ ನೋಡಿದರು. ಆಮೇಲೆ ನೆಲದ ಮೇಲೆ ಕುಳಿತು, ಹಣೆಗೆ ಕೈ ಹಚ್ಚಿ, ನಗಲು ಶುರು ಮಾಡಿದರು. ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

"ಎಲೇ ಹುಚ್ಚಪ್ಪ, ಇಲ್ಲಿ ಹರಿಯೋದು ನೀರಲ್ಲೋ, ಮಾತು! ನೀರಿಗೆ ಹೊಲ ಐತಿ, ಹೋಗಿ ಇಂಗತೈತಿ. ಮಾತಿಗೆ ಇಂಗಾಕ ಜಾಗ ಎಲ್ಲೈತಿ? ತುದಿಗೆ ಹಿಡಿಯೋರು ಇಲ್ಲಂದ್ರ ಅದು ತಿರುಗಿ ಬರ್ತೈತಿ. ಬಂದು, ಹಿಂದ ಬರೋ ಹೊಸ ಮಾತಿಗೆ ಢಿಕ್ಕಿ ಹೊಡೀತೈತಿ. ಆಗ ಯಾರ ಮಾತು ಯಾರಿಗೂ ತಿಳಿಯಂಗಿಲ್ಲ. ಎರಡೂ ತುದಿಗೆ ಹಿಡಿಯೋರು ಬೇಕು. ಆ ಮುಚ್ಚಳದ ಕೆಲಸ ಅದ. ಇನ್ನೊಂದು ಇತ್ತಲ್ಲ, ಕೊಡು ಇಲ್ಲಿ."

ಲಾಲಪ್ಪ ಕೊಡಲಿಲ್ಲ. ನಿಧಾನವಾಗಿ ಸೈಕಲ್ಲಿನ ಕೀಲಿಕೈ ಹೊರಗೆ ತೆಗೆದ. ಎರಡನೆಯ ಮುಚ್ಚಳ ಹೆಚ್ಚುವರಿ ಎಂದು ತಿಳಿದು, ನೋಡಲು ಚೆಂದವಿದೆ ಎಂದು, ನಡುಮಧ್ಯೆ ಮೊಳೆ ಹೊಡೆದು ತೂತು ಮಾಡಿ ಉಂಗುರಕ್ಕೆ ಪೋಣಿಸಿಕೊಂಡಿದ್ದ. ಮೊಳೆ ಒಳಗಿನದನ್ನೆಲ್ಲ ಪುಡಿ ಮಾಡಿತ್ತು.

ಬಾಗಿಲಲ್ಲಿ ನಿಂತಿದ್ದ ಅಕ್ಕೋರು ಅದನ್ನು ನೋಡಿ ಒಳಗೆ ಹೋದರು. ಅವರ ಆ ಬೆನ್ನನ್ನು ನೋಡುವುದಕ್ಕಿಂತ ಗಿರಣಿಯ ತೂಕದ ಕಲ್ಲನ್ನು ತಲೆಯ ಮೇಲೆ ಇಟ್ಟುಕೊಳ್ಳುವುದು ಮೇಲು ಎನ್ನಿಸಿತು ಲಾಲಪ್ಪನಿಗೆ. ಹೈದರಾಬಾದಿನ ಪಾರ್ಸಲ್ ಬರಲು ಎರಡು ದಿನ ಬೇಕು. ಅಧಿಕಾರಿ ಬರುವುದು ನಾಳೆ ಹತ್ತಕ್ಕೆ.

"ಮುಖ ಸಣ್ಣ ಮಾಡಬ್ಯಾಡ," ಎಂದರು ನರಸಣ್ಣ. "ಇಸ್ಮಾಯಿಲನ ಹತ್ರ ಹೋಗು. ನೂರು ಓಮಿನ ರೆಸಿಸ್ಟರ್ ಎರಡು ಇಸಗೊಂಡು ಬಾ. ಕಂದು, ಕರಿ, ಕಂದು, ಆ ಪಟ್ಟಿ ಇರ್ತಾವ. ಎರಡೂ ಮಗ್ಗಲಕ್ಕ ಮಗ್ಗಲ ಕೂಡಿಸಿದ್ರ ಐವತ್ತು. ಕಂಬಕ್ಕ ಆಂಟೆನಾ ಇಲ್ಲದಾಗ ಸೆಟ್ ಪರೀಕ್ಷೆ ಮಾಡಾಕ ನಾ ಹಿಂಗ ಮಾಡ್ತಿದ್ದೆ."

ಇಸ್ಮಾಯಿಲ್‌ಸಾಬ್ ಕೆಟ್ಟ ಟಿವಿಯೊಂದರ ಹೊಟ್ಟೆಯಿಂದ ಎರಡನ್ನು ಕಿತ್ತು, ಬೆಸುಗೆಯ ಕಾವುಗಡ್ಡಿಯನ್ನೂ ಹಿಡಿದು ತಾನೇ ಬಂದ. ನರಸಣ್ಣ ಹೇಳಿದಂತೆ ಒಂದು ಮೂತಿಯೊಳಗೆ ಎರಡೂ ರೆಸಿಸ್ಟರುಗಳನ್ನು ಇಟ್ಟು ಬೆಸೆದ. ನರಸಣ್ಣ ಅದನ್ನು ಮೀಟರಿಗೆ ಹಿಡಿದು ನೋಡಿ, ನಾಲ್ಕನೆಯ ಕಂಪ್ಯೂಟರಿನ ತೆರೆದ ಬಾಯಿಗೆ ತಿರುವಿ ಕೂರಿಸಿದರು. ಹೊಳಪಿಲ್ಲ, ಕರಿ ಟೇಪು ಸುತ್ತಿದ ಮೊಂಡು ಗಂಟು. ಅಕ್ಕೋರು ಬಂದು ನಾಲ್ಕನೆಯದರ ಮುಂದೆ ಕುಳಿತರು. ಏನೋ ಟೈಪು ಮಾಡಿದರು. ಕೋಣೆಯ ಆ ತುದಿಯಲ್ಲಿ ಪ್ರಿಂಟರು ಒಮ್ಮೆ ಕೆಮ್ಮಿ, ಕರಕರ ಎಂದು ತಲೆ ಓಡಿಸತೊಡಗಿತು.

ಲಾಲಪ್ಪ ಓಡಿಹೋಗಿ ಹಾಳೆ ಹರಿದು ತಂದ. ಹನ್ನೊಂದು ಹೆಸರುಗಳಿದ್ದವು, ಒಂದರ ಕೆಳಗೊಂದು.

ಭಾನುವಾರ ಬಂದ ಅಧಿಕಾರಿ ಸಣಕಲು ದೇಹದ, ಬೆವರುವ ಮನುಷ್ಯ. ನಾಲ್ಕರಿಂದಲೂ ಮುದ್ರಿಸಿ ನೋಡಿದರು. ಬಗ್ಗಿ ತಂತಿ ನೋಡಿದರು. ಕರಿ ಗಂಟು ನೋಡಿ ಹುಬ್ಬೇರಿಸಿ, "ಇದನ್ನು ಯಾರು ಮಾಡಿದರು?" ಎಂದರು.

"ನಮ್ಮ ತಂದೆಯವರು," ಎಂದರು ಅಕ್ಕೋರು.

"ಈ ಬಗೆಯ ಜೋಡಣೆಯಲ್ಲಿ ಒಂದು ತೊಂದರೆ ಇದೆ ಅಮ್ಮ. ಎಲ್ಲಾದರೂ ಒಂದು ಕಡೆ ಸಡಿಲಾದರೆ ನಾಲ್ಕೂ ಕೂಡಿ ನಿಲ್ಲುತ್ತವೆ. ಪರೀಕ್ಷೆ ನಡೆಯುವಾಗ ಒಬ್ಬರ ಕಾಲು ತಾಗಿದರೂ ಎಲ್ಲರದೂ ಹೋದಂತೆ. ಹಾಗಾದರೆ ಮುಂದಿನ ಸಲ ಕೇಂದ್ರ ಕೊಡುವುದಿಲ್ಲ."

"ಯಾರ ಕಾಲೂ ತಾಗಂಗಿಲ್ರಿ ಸಾಹೇಬ್ರ," ಎಂದರು ನರಸಣ್ಣ. ಅಧಿಕಾರಿ ಸಹಿ ಹಾಕಿದರು.

ಪರೀಕ್ಷೆ ನಡೆದದ್ದು ಮೇ ತಿಂಗಳ ಕೊನೆಯಲ್ಲಿ. ನಾಲ್ಕು ಜನ, ನಾಲ್ಕು ಜನ, ಮೂರು ಜನ, ಹೀಗೆ ಒಂದೇ ದಿನದಲ್ಲಿ ಮೂರು ಸರದಿ. ಬೆಳಿಗ್ಗೆ ಲಾಲಪ್ಪ ಬಂದಾಗ ನರಸಣ್ಣ ಮೊದಲೇ ಗೋಡೆಯಂಚಿಗೆ ತಂತಿಯ ಪಕ್ಕದಲ್ಲಿ ಚಾಪೆ ಹಾಕಿ ಕುಳಿತಿದ್ದರು. ಒಗೆದ ಅಂಗಿ, ತಲೆಗೆ ರುಮಾಲು. ಎರಡನೆಯ, ಮೂರನೆಯ ಕಂಪ್ಯೂಟರುಗಳ ನಡುವೆ ತಂತಿ ನೆಲ ದಾಟುವ ಕಡೆ ಅವರ ಎರಡೂ ಕಾಲು ಉದ್ದಕ್ಕೆ ಚಾಚಿದ್ದವು. ಯಾವ ಹುಡುಗಿಯ ಚಪ್ಪಲಿ ಬಂದರೂ ಮೊದಲು ತಾಗುವುದು ಅವರ ಮೊಣಕಾಲಿಗೆ.

"ಕುರ್ಚಿ ತರ್ಲೇನ್ರಿ ಕಾಕಾ?"

"ಕುರ್ಚಿಗೆ ಕಾಲು ಅದಾವು. ಸರೀತಾವ."

ಮೊದಲ ಸರದಿ ಮುಗಿಯಿತು. ಅವರು ಏಳಲಿಲ್ಲ. ಅಕ್ಕೋರು ರೊಟ್ಟಿ, ಹೆಸರುಕಾಳು ಪಲ್ಯದ ತಾಟನ್ನು ಅಲ್ಲಿಗೇ ತಂದಿಟ್ಟರು. ತಾಟಿನ ಬಳಿ ತಂದೆ ಮಗಳು ಒಂದು ಗಳಿಗೆ ಮುಖ ನೋಡಿಕೊಂಡರು. ಅಕ್ಕೋರು ಬಗ್ಗಿ ಅವರ ರುಮಾಲಿನ ಸಡಿಲಾದ ಸುತ್ತನ್ನು ಸರಿಪಡಿಸಿ ಹೋದರು.

ಮೂರನೆಯ ಸರದಿಯಲ್ಲಿ ಯಮನೂರಮ್ಮ ಇದ್ದಳು. ಅವಳ ಹಾಳೆಯೇ ಕಡೆಯದು. ನಾಲ್ಕು ಗಂಟೆಗೆ ಅದು ಪ್ರಿಂಟರಿನಿಂದ ಪೂರ್ತಿ ಹೊರಬಂದಿತು. ಮೇಲ್ವಿಚಾರಕರು ಅದನ್ನು ಲಕೋಟೆಗೆ ಹಾಕಿ ಅರಗು ಒತ್ತಿದರು. ಹೊರಗೆ ಮೆಟ್ಟಿಲ ಮೇಲೆ ಮುದುಕಪ್ಪ ಕಾಯುತ್ತಿದ್ದ. ಅರ್ಧ ದಿನದ ಕೂಲಿಯಷ್ಟೇ ಬಿಟ್ಟು ಬಂದಿದ್ದನಂತೆ, ಅದನ್ನು ಹೇಳಿಕೊಂಡು ತಾನೇ ನಕ್ಕ. ಅಪ್ಪ ಮಗಳು ನಾಲ್ಕೂವರೆಯ ಬಳಗಾನೂರು ಬಸ್ಸಿಗೆ ಹೊರಟರು. ಬಿಸಿಲು ಇನ್ನೂ ಚುರುಗುಡುತ್ತಿತ್ತು.

ಕೋಣೆ ಖಾಲಿಯಾದ ಮೇಲೆ ಲಾಲಪ್ಪ ಹೇಳಿದ, "ಏಳ್ರಿ ಕಾಕಾ, ಮುಗೀತು."

"ಏಳಾಕ ಬರವಲ್ದು," ಎಂದರು ನರಸಣ್ಣ. "ಕಾಲು ಜೋಮು ಹಿಡದಾವ. ಜರಾ ತಡಿ."

ಲಾಲಪ್ಪ ಎಬ್ಬಿಸಲು ಹೋಗಲಿಲ್ಲ. ಚಾಪೆಯ ಅಂಚಿಗೆ ಕುಳಿತು, ಆ ಒಣಕಲು ಕಾಲುಗಳನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು, ಮೀನಖಂಡದಿಂದ ಕೆಳಕ್ಕೆ ನಿಧಾನವಾಗಿ ತಿಕ್ಕತೊಡಗಿದ.

"ಅಲ್ಲಿ ಅಲ್ಲೋ, ಸ್ವಲ್ಪ ಮ್ಯಾಲೆ," ಎಂದರು ನರಸಣ್ಣ. "ಅದನ್ನೂ ಹೇಳಿ ಕೊಡಬೇಕೇನು ನಿನಗ."